ಪಾದ್ರಿ ಪೆಟ್ಟಿಗೆಯೋ, ಭಜನೆ ಪೇಟಿಯೋ? 42 ಮನೆಯ ಸ್ಕೇಲ್ ಚೇಂಜರ್ ಹಾರ್ಮೋನಿಯಂ ಕೊಳ್ಳುವ ಮುನ್ನ

ಭಜನಾ ಮಂಡಳಿಗೆ ಅನ್ನಿ, ಇಗರ್ಜಿಯ ಗಾಯನವೃಂದಕ್ಕೆ ಅನ್ನಿ, ಸಂಗೀತದ ಕ್ಲಾಸಿಗೆ ಅನ್ನಿ, ವಾದ್ಯದ ಅಂಗಡಿಯವರು ಕೊನೆಗೆ ಮುಂದಿಡುವುದು ಒಂದೇ ಪೆಟ್ಟಿಗೆ. 42 ಮನೆ (ಬೆರಳಲ್ಲಿ ಒತ್ತುವ ಕೀಲಿ), ಮೂರೂವರೆ ಸಪ್ತಕ, ಎರಡು ಅಥವಾ ಮೂರು ಸಾಲು ರೀಡು (ನಾದ ಹೊರಡಿಸುವ ಲೋಹದ ನಾಲಗೆ), ಮನೆಗಳನ್ನೇ ಜಾರಿಸಿ ಶ್ರುತಿ ಬದಲಿಸುವ ಒಂಬತ್ತು ಸ್ಥಾನದ ಸ್ಕೇಲ್ ಚೇಂಜರ್, ಜೊತೆಗೆ ಒತ್ತಿದ ಸ್ವರಕ್ಕೆ ಸಪ್ತಕದಾಚೆಯ ಜೋಡಿ ಸೇರಿಸುವ ಕಪ್ಲರ್. ‘ಇದೊಂದಿದ್ದರೆ ಎಲ್ಲದಕ್ಕೂ ಆಯ್ತು ಸಾರ್’ ಎಂಬ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲೇ ದುಡ್ಡೂ ಹೋಗುತ್ತದೆ, ಶ್ರುತಿಯೂ ಹೋಗುತ್ತದೆ. ಹಾಗಾಗಿ ಈ ವಿಮರ್ಶೆ ಒಂದು ಕಂಪನಿಯ ಮಾಲಿನದಲ್ಲ, ಈ ಮಾದರಿಯದು. ಕೋಲ್ಕತ್ತ, ದೆಹಲಿ, ಮುಂಬೈ, ಎಲ್ಲಿಯದನ್ನೇ ತೆಗೆದುಕೊಂಡರೂ ಒಳಗಿನ ಲೆಕ್ಕ ಒಂದೇ.

ಅದರ ಜೊತೆಗೇ ಇನ್ನೊಂದು ಹಳೆಯ ವ್ಯಾಜ್ಯವನ್ನೂ ಬಿಡಿಸಬೇಕಾಗುತ್ತದೆ. ಹಾರ್ಮೋನಿಯಂ ಪಾದ್ರಿಗಳು ತಂದ ಪರಂಗಿ ವಾದ್ಯ, ನಮ್ಮ ಸಂಗೀತ ಕೆಡಿಸಿತು ಎನ್ನುವವರಿದ್ದಾರೆ. ಇಗರ್ಜಿಯೊಳಗೆ ಅದೇ ಪೆಟ್ಟಿಗೆ ಇಟ್ಟರೆ, ಇದೇನು ಭಜನೆ ಮನೆಯೇ ಎಂದು ಗೊಣಗುವವರೂ ಇದ್ದಾರೆ. ಈ ಎರಡು ದೂರಿನಲ್ಲಿ ಶ್ರುತಿಗೆ ಸಂಬಂಧಪಟ್ಟದ್ದು ಎಷ್ಟು, ಜಾತಿ-ಮತಕ್ಕೆ ಸಂಬಂಧಪಟ್ಟದ್ದು ಎಷ್ಟು ಎಂದು ಬೇರೆ ಮಾಡದಿದ್ದರೆ, ಸರಿಯಾದ ಪೆಟ್ಟಿಗೆ ಆರಿಸಲು ಆಗುವುದಿಲ್ಲ.

ಮೊದಲು ವಾದ್ಯ. ತಿದಿಯ ಗಾಳಿ ಒಳಗಿನ ಕೋಣೆಗೆ ಹೋಗುತ್ತದೆ. ಅಲ್ಲಿಯ ಸ್ಪ್ರಿಂಗು ಗಾಳಿಯನ್ನು ಒಂದೇ ಹದದಲ್ಲಿ ಮೇಲಕ್ಕೆ ಒತ್ತುತ್ತದೆ. ಮನೆ ಒತ್ತಿದಾಗ ಅದರ ಹಿಂದಿನ ಮುಚ್ಚಳ ಎದ್ದು, ಹಿತ್ತಾಳೆಯ ರೀಡು ತನ್ನ ಚೌಕಟ್ಟಿನ ಸೀಳಿನಲ್ಲಿ ಅದುರುತ್ತದೆ. ಗುಜರಾತಿನ ಪಾಲೀತಾಣಾ ಈ ರೀಡುಗಳಿಗೆ ಹೆಸರಾದ ಊರು. ಪೆಟ್ಟಿಗೆಯ ಯೋಗ್ಯತೆಯ ಬಹುಪಾಲು ರೀಡು ಮತ್ತು ಅದನ್ನು ಕೂರಿಸಿದ ಹಲಗೆಯಲ್ಲಿದೆ. ಮೇಲಿನ ಪಾಲಿಶ್, ಕೆತ್ತನೆ, ಗಾಜಿನ ಮುಚ್ಚಳ ಕಣ್ಣಿಗಷ್ಟೆ.

ಅಂಗಡಿಯಲ್ಲಿ ಹಾಡು ನುಡಿಸಿ ನೋಡಬೇಡಿ. ನುಡಿಸಲು ಬರುವವರ ಕೈಗೆ ಕೆಟ್ಟ ಪೆಟ್ಟಿಗೆಯೂ ಒಳ್ಳೆಯದಾಗಿ ಕೇಳುತ್ತದೆ. ಎಲ್ಲ ಸ್ಟಾಪರ್ (ರೀಡಿಗೆ ಹೋಗುವ ಗಾಳಿಯ ದಾರಿ ತೆರೆದು ಮುಚ್ಚುವ ಗುಂಡಿ) ಮುಚ್ಚಿ, ಎರಡು ಸಲ ತಿದಿ ಒತ್ತಿ ಕೈ ಬಿಡಿ. ಗಾಳಿ ಬಿಡಲು ದಾರಿಯಿಲ್ಲದ ಪೆಟ್ಟಿಗೆಯ ತಿದಿ ನಿಧಾನಕ್ಕೆ ಇಳಿಯಬೇಕು, ‘ಉಸ್’ ಎಂದು ಕುಸಿಯಬಾರದು. ಆಮೇಲೆ ಒಂದು ಸಾಲಿನ ಸ್ಟಾಪರ್ ಮಾತ್ರ ತೆರೆದು, ಮನೆ ಒತ್ತದೆ ಕಿವಿಗೊಡಿ. ಸಣ್ಣಗೆ ಯಾವುದಾದರೂ ಸ್ವರ ತಾನಾಗಿ ಕೂಗುತ್ತಿದ್ದರೆ ಅದರ ಮುಚ್ಚಳ ಸರಿಯಾಗಿ ಕೂತಿಲ್ಲ.

ಮುಂದೆ, ಬಲು ಕಡಿಮೆ ಗಾಳಿಯಲ್ಲಿ ಎಡತುದಿಯಿಂದ ಬಲತುದಿಗೆ ಒಂದೊಂದೇ ಮನೆ ಒತ್ತಿ. ಖರ್ಜದ (ತಗ್ಗು ಸಪ್ತಕದ) ದಪ್ಪ ರೀಡುಗಳು ತುಸು ತಡವಾಗಿ ಏಳುವುದು ಸಹಜ, ಏಳದೇ ಇರುವುದು ಸಹಜವಲ್ಲ. ಇದೇ ಪರೀಕ್ಷೆಯನ್ನು ಪ್ರತಿ ಸಾಲಿಗೂ ಬೇರೆ ಬೇರೆಯಾಗಿ ಮಾಡಿ. ಎರಡು ಸಾಲು ಒಟ್ಟಿಗೆ ತೆರೆದಿದ್ದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಫೋನಿನಲ್ಲಿ ಟ್ಯೂನರ್ ಆ್ಯಪ್ ಇಟ್ಟುಕೊಂಡು, ನಡುಸಪ್ತಕದ ಹನ್ನೆರಡೂ ಸ್ವರ 3 ಸೆಂಟ್ ಆಚೀಚೆಗಿಂತ ಹೆಚ್ಚು ತಪ್ಪದಂತೆ ನೋಡಿಕೊಳ್ಳಿ. ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಪಾಲು.

ಮೂರನೆಯ ಸಾಲಿನಲ್ಲಿ ಒಂದು ಚಾಲಾಕಿ ಇರುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಆ ಸಾಲನ್ನು ಬೇಕೆಂದೇ ಕೂದಲೆಳೆಯಷ್ಟು ಮೇಲಕ್ಕೆ ಶ್ರುತಿ ಮಾಡಿ, ಎರಡು ಸಾಲು ಸೇರಿದಾಗ ನೀರಿನ ಅಲೆಯಂಥ ನಾದ ಬರುವಂತೆ ಮಾಡಿರುತ್ತಾರೆ. ಅಂಗಡಿಯಲ್ಲಿ ಅದು ‘ಆಹಾ’ ಅನ್ನಿಸುತ್ತದೆ. ತಂಬೂರಿಯ ಪಕ್ಕದಲ್ಲಿ ಅದು ಬರೀ ಅಪಶ್ರುತಿ. ಆ ಸಾಲು ಇರಲಿ, ಆದರೆ ಅದಕ್ಕೆ ಪ್ರತ್ಯೇಕ ಸ್ಟಾಪರ್ ಇದೆಯೇ ಎಂದು ಖಚಿತ ಮಾಡಿಕೊಳ್ಳಿ.

ಈಗ ಸ್ಕೇಲ್ ಚೇಂಜರ್. ಇಲ್ಲಿ ರೀಡು ಅಲುಗುವುದಿಲ್ಲ, ಮನೆಗಳ ಪಟ್ಟಿಯೇ ಒಂದೊಂದು ಅರ್ಧಸ್ವರದಷ್ಟು ಎಡಕ್ಕೋ ಬಲಕ್ಕೋ ಜಾರುತ್ತದೆ. ಬಿಳಿ ಒಂದರ (ಸಪ್ತಕದ ಮೊದಲ ಬಿಳಿ ಮನೆ) ಬೆರಳಿಟ್ಟು ಬಿಳಿ ಎರಡರ ನಾದ ತೆಗೆಯಬಹುದು. ಲೆಕ್ಕ ಸರಳ: 42 ಮನೆಗಳೂ ಒಂಬತ್ತೂ ಸ್ಥಾನಗಳಲ್ಲಿ ನುಡಿಯಬೇಕಾದರೆ ಪ್ರತಿ ಸಾಲಿಗೆ 42ರ ಮೇಲೆ 8, ಅಂದರೆ 50 ರೀಡು ಬೇಕು. ಅಷ್ಟು ಇಲ್ಲದ ಪೆಟ್ಟಿಗೆಯಲ್ಲಿ ಪಟ್ಟಿಯನ್ನು ಒಂದು ತುದಿಗೆ ಜಾರಿಸಿದಾಗ ಅಂಚಿನ ಮನೆಗಳು ಮೂಕವಾಗುತ್ತವೆ. ‘ಒಂದು ಸಾಲಿಗೆ ಎಷ್ಟು ರೀಡು?’ ಎಂದು ಕೇಳಿ, ಒಂಬತ್ತೂ ಸ್ಥಾನದಲ್ಲಿ ಮೊದಲ ಮತ್ತು ಕೊನೆಯ ಮನೆ ಒತ್ತಿ ನೋಡಿ. ಪಟ್ಟಿ ಕಚ್ಚಿನಲ್ಲಿ ‘ಟಕ್’ ಎಂದು ಕೂರಬೇಕು. ಅರ್ಧಕ್ಕೆ ನಿಂತರೆ ಒಂದು ಮನೆಗೆ ಎರಡು ಮುಚ್ಚಳ ಅರೆಬರೆ ಎದ್ದು, ನಾದದ ಬದಲು ಸೀಟಿ ಬರುತ್ತದೆ. ಮನೆ ಒತ್ತಿಕೊಂಡೇ ಪಟ್ಟಿ ಜಾರಿಸುವುದು ಈ ಯಂತ್ರಕ್ಕೆ ಮಾಡುವ ಅತಿದೊಡ್ಡ ಅನ್ಯಾಯ. ಮುಚ್ಚಳಗಳ ಕಡ್ಡಿ ಬಾಗುವುದು, ಚಕ್ಕಳ ಹರಿಯುವುದು ಹೀಗೆಯೇ.

ತೂಕವನ್ನೂ ಎಣಿಸಿ. ಸಾದಾ ಪೆಟ್ಟಿಗೆಯನ್ನು ಒಬ್ಬರು ಬಸ್ಸಿಗೆ ಹತ್ತಿಸಬಹುದು. ಇದಕ್ಕೆ ಇಬ್ಬರು ಬೇಕು, ಇಲ್ಲವೇ ಸೊಂಟ ಬೇಕು. ಬೆಲೆಯೂ ಅಷ್ಟೇ ಭಾರ.

ಇನ್ನು ವ್ಯಾಜ್ಯದ ಮೂಲ, ಶ್ರುತಿ. ಈ ಪೆಟ್ಟಿಗೆ ಸಪ್ತಕವನ್ನು 12 ಸಮಪಾಲು ಮಾಡುತ್ತದೆ, ಒಂದೊಂದು ಪಾಲು 100 ಸೆಂಟ್. ತಂಬೂರಿಯಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ ಷಡ್ಜಕ್ಕೆ 5:4ರ ಪ್ರಮಾಣದಲ್ಲಿದೆ, ಅಂದರೆ 386 ಸೆಂಟ್. ಪೆಟ್ಟಿಗೆಯ ಗಾಂಧಾರ 400ರಲ್ಲಿ ಕೂತಿದೆ. 14 ಸೆಂಟ್ ಏನು ಮಹಾ ಎನ್ನಬೇಡಿ. ಕಪ್ಪು ಒಂದು ಶ್ರುತಿ ಇಟ್ಟುಕೊಳ್ಳಿ, ಷಡ್ಜ ಸುಮಾರು 277.2 ಹರ್ಟ್ಸ್. 5:4ರ ಗಾಂಧಾರ 346.5ರಲ್ಲಿ ಬರಬೇಕು, ಪೆಟ್ಟಿಗೆ ಕೊಡುವುದು 349.2. ಷಡ್ಜದ ಐದನೆಯ ಉಪನಾದವೂ (ಅದರ ಐದು ಪಟ್ಟು ಕಂಪನ) ಗಾಂಧಾರದ ನಾಲ್ಕನೆಯ ಉಪನಾದವೂ (ನಾಲ್ಕು ಪಟ್ಟು) ಒಂದೇ ಬಿಂದುವಿನಲ್ಲಿ ಸೇರಬೇಕಿತ್ತು. ಇಲ್ಲಿ 1386 ಮತ್ತು 1397ಕ್ಕೆ ನಿಂತು ಸೆಕೆಂಡಿಗೆ 11 ಸಲ ಒಂದನ್ನೊಂದು ತಿವಿಯುತ್ತವೆ. ಪಂಚಮದಲ್ಲಿ ಇದೇ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು ಒಂದೇ ಅಲೆ, ಕಿವಿಗೆ ಗೊತ್ತೂ ಆಗುವುದಿಲ್ಲ. ಅದಕ್ಕೇ ಹಾರ್ಮೋನಿಯಂನಲ್ಲಿ ಸ-ಪ ಹಿಡಿದರೆ ಹಿತ, ಗಾಂಧಾರದ ಮೇಲೆ ನಿಂತರೆ ಕಿರಿಕಿರಿ.

ಹಾಗಾದರೆ ರೀಡು ಕೆರೆದು 5:4ರ ಗಾಂಧಾರ ಕೂರಿಸಿದರಾಯಿತಲ್ಲ? ಕೂರಿಸಬಹುದು. ರೀಡಿನ ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ನುರಿತ ಕೈಗೆ ಇದು ದಿನದ ಕೆಲಸ. ಆದರೆ ಎರಡು ಕಷ್ಟ ತಲೆದೋರುತ್ತವೆ. ಒಂದು, ಆ ಶುದ್ಧತೆ ಒಂದೇ ಷಡ್ಜಕ್ಕೆ. ಪಟ್ಟಿ ಜಾರಿಸಿ ಬೇರೆ ರೀಡನ್ನು ಷಡ್ಜ ಮಾಡಿದ ಕೂಡಲೇ ಎಲ್ಲ ಹದಗೆಡುತ್ತದೆ, ಸ್ಕೇಲ್ ಚೇಂಜರ್‌ಗೆ ಕೊಟ್ಟ ದುಡ್ಡು ದಂಡ. ಎರಡನೆಯದು ಇನ್ನೂ ಸೂಕ್ಷ್ಮ. ರಿಷಭವನ್ನು 9:8ಕ್ಕೆ (204 ಸೆಂಟ್), ಧೈವತವನ್ನು 5:3ಕ್ಕೆ (884 ಸೆಂಟ್) ಕೂರಿಸಿದಿರಿ ಅನ್ನಿ. ಎರಡೂ ಷಡ್ಜಕ್ಕೆ ಸೊಗಸಾಗಿ ಹೊಂದುತ್ತವೆ. ಆದರೆ ರಿಷಭದಿಂದ ಧೈವತಕ್ಕೆ ಅಂತರ 680 ಸೆಂಟ್, ನಿಜವಾದ ಪಂಚಮದ ಅಂತರ 702. 22 ಸೆಂಟ್ ಕುಂಟು. ಒಂದೇ ಎಳೆಯಲ್ಲಿ ಹಾಡುವ ರಾಗಕ್ಕೆ ಇದು ಅಡ್ಡಿಯಲ್ಲ. ನಾಲ್ಕು ಕಂಠಗಳು ಒಟ್ಟಿಗೆ ಬೇರೆ ಬೇರೆ ಸ್ವರ ಹಾಡುವ ಸ್ತುತಿಗೀತೆಯಲ್ಲಿ ರಿ-ಮ-ಧ ಎಂಬ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಪದೇ ಪದೇ ಬರುತ್ತದೆ, ಬಂದಾಗಲೆಲ್ಲ ಹಲ್ಲು ಜುಮ್ಮೆನ್ನುತ್ತದೆ.

ಕಾರ್ಡು ಬೇಕೆನ್ನುವವರಿಗೆ 12 ಸಮಪಾಲು ಬೇಕು, ರಾಗದ ಶುದ್ಧಿ ಬೇಕೆನ್ನುವವರಿಗೆ ಒಂದು ಷಡ್ಜಕ್ಕೆ ಕಟ್ಟಿದ ಪೆಟ್ಟಿಗೆ ಬೇಕು. ಎರಡನ್ನೂ ಒಂದೇ ಪೆಟ್ಟಿಗೆ ಕೊಡಲಾರದು ಎನ್ನುವುದು ಮತದ ಪ್ರಶ್ನೆಯಲ್ಲ, ಭಿನ್ನರಾಶಿಯ ಪ್ರಶ್ನೆ. ಮುಂಬೈಯ ಡಾ. ವಿದ್ಯಾಧರ ಓಕ್ 22 ಶ್ರುತಿಗಳ ಹಾರ್ಮೋನಿಯಂ ಮಾಡಿರುವುದು ಇದೇ ತೊಡಕನ್ನು ಬಿಡಿಸಲು.

ಹಾಗಿದ್ದರೂ ವಾದ ಮತದ ಕಡೆಗೇ ಜಾರಿತು, ಅದಕ್ಕೂ ಚರಿತ್ರೆಯಿದೆ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದ ತುಳಿದು ನುಡಿಸುವ ಮೇಜಿನಂಥ ವಾದ್ಯ. ಪೈಪ್ ಆರ್ಗನ್ ಕೊಳ್ಳಲಾಗದ ಸಣ್ಣ ಚರ್ಚುಗಳಿಗೆ ಹೇಳಿ ಮಾಡಿಸಿದಂತಿತ್ತು. ಮಿಷನರಿಗಳ ಜೊತೆ ಅದು ಇಲ್ಲಿಗೂ ಬಂತು. ನೆಲದ ಮೇಲೆ ಕೂತು ಹಾಡುವ ದೇಶಕ್ಕೆ ಕಾಲುಪೇಟಿ ಒಗ್ಗದು. ಕಾಲು ತೆಗೆದು, ಹಿಂದೆ ಕೈತಿದಿ ಇಟ್ಟು ಪೆಟ್ಟಿಗೆಯಾಗಿ ಇಳಿಸಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ಅವರ ದ್ವಾರ್ಕಿನ್ ಅಂಗಡಿ ಶುರುವಾದದ್ದು 1875ರಲ್ಲಿ. ಕಾಲುಪೇಟಿಯೂ ಸುಮ್ಮನೆ ಹೋಗಲಿಲ್ಲ, ನಮ್ಮ ಕಂಪನಿ ನಾಟಕಗಳ ರಂಗದ ಮುಂದೆ ಕೂತು ರಂಗಗೀತೆಗಳಿಗೆ ದನಿಯಾಯಿತು.

ಪರಂಗಿ ವಾದ್ಯವೆಂದು ಗಟ್ಟಿಯಾಗಿ ಕೂಗಿದವರಲ್ಲಿ ಪರಂಗಿಯವರೇ ಮುಂದಿದ್ದರು! ಸಂಗೀತ ಲೇಖಕ ಫಾಕ್ಸ್ ಸ್ಟ್ರಾಂಗ್‌ವೇಸ್, ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೋಲ್ಡ್ಸ್ ಇಬ್ಬರೂ ಇಂಗ್ಲಿಷರು, ಇಬ್ಬರೂ ಹಾರ್ಮೋನಿಯಂಗೆ ಕಡುವೈರಿಗಳು. ರವೀಂದ್ರನಾಥ ಠಾಕೂರರೂ ಅದೇ ಪಕ್ಷ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ನಿಷೇಧಿಸಿತು, ಅದು ಸಡಿಲವಾಗಲು 1971 ಆಗಬೇಕಾಯಿತು. ಆ ಮೂರು ದಶಕ ರೇಡಿಯೊದಲ್ಲಿ ಸಾರಂಗಿಯೋ ಪಿಟೀಲೋ ಸಾಥ್ ಕೊಡಬೇಕಿತ್ತು. ಅಷ್ಟರಲ್ಲಿ ಹೊರಗೆ ಬೆಳಗಾವಿಯ ಪಂ. ರಾಮಭಾವು ಬಿಜಾಪುರೆಯಂಥವರು ಅದೇ ಪೇಟಿಯಲ್ಲಿ ಮೀಂಡಿನ (ಸ್ವರದಿಂದ ಸ್ವರಕ್ಕೆ ಜಾರುವ) ಭ್ರಮೆ ಹುಟ್ಟಿಸುವ ಬೆರಳುಗಾರಿಕೆಯನ್ನು ಶಿಷ್ಯರಿಗೆ ದಾಟಿಸುತ್ತಿದ್ದರು. 2022ರಲ್ಲಿ ಸಿಖ್ಖರ ಪರಮೋಚ್ಚ ಧರ್ಮಪೀಠ ಅಕಾಲ್ ತಖ್ತ್ ಕೂಡ ಸ್ವರ್ಣಮಂದಿರದ ಕೀರ್ತನೆಯಿಂದ ಹಾರ್ಮೋನಿಯಂ ಅನ್ನು ಮೂರು ವರ್ಷದಲ್ಲಿ ಹಂತಹಂತವಾಗಿ ಬಿಟ್ಟು ತಂತಿವಾದ್ಯಗಳಿಗೆ ಮರಳುವಂತೆ ಹೇಳಿತು. ವಿದೇಶಿ ಎಂಬ ಮಾತು ಅಲ್ಲಿಯೂ ಬಂತು.

ಪಿಟೀಲು ಎಲ್ಲಿಯದು ಮತ್ತೆ? ಅದೂ ಕಡಲಾಚೆಯದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ಅದನ್ನು ಕಲಿತರು, ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ನೊಟ್ಟುಸ್ವರಗಳನ್ನೇ ರಚಿಸಿದರು. ಇವತ್ತು ಪಿಟೀಲಿಲ್ಲದ ಕಚೇರಿ ಅಪರೂಪ, ಅದರ ಮತ ಯಾವುದೆಂದು ಯಾರೂ ಕೇಳುವುದಿಲ್ಲ. ಕಾರಣ ಬೆರಳಿನಲ್ಲಿದೆ. ಪಿಟೀಲಿಗೆ ಮನೆಗಳಿಲ್ಲ, 386 ಬೇಕೆಂದರೆ 386, ಗಮಕ ಬೇಕೆಂದರೆ ಗಮಕ. ಹಾರ್ಮೋನಿಯಂ ಮೇಲಿನ ದೂರಿನಲ್ಲಿ ಸತ್ಯವಿರುವುದು ಇಷ್ಟು ಮಾತ್ರ. ಉಳಿದದ್ದು ವಾದ್ಯದ ಹೆಸರಿನಲ್ಲಿ ಅದನ್ನು ತಂದವರ ಮೇಲಿನ ಸಿಟ್ಟು.

ಸಿಟ್ಟು ಹಾಡಿಗೂ ತಟ್ಟುತ್ತದೆ. 2018ರ ಆಗಸ್ಟಿನಲ್ಲಿ ಕರ್ನಾಟಕ ಸಂಗೀತದ ಕೆಲವು ಗಾಯಕರು ಯೇಸುವಿನ ಮೇಲೆ ಹಾಡುತ್ತಾರೆಂದು ಜಾಲತಾಣಗಳಲ್ಲಿ ಬೈಗುಳದ ಮಳೆಯಾಯಿತು. ಗಾಯಕ ಟಿ.ಎಂ. ಕೃಷ್ಣ ತಿಂಗಳಿಗೊಂದು ಯೇಸು ಅಥವಾ ಅಲ್ಲಾಹನ ಮೇಲಿನ ಕೃತಿ ಹೊರತರುತ್ತೇನೆಂದು ಉತ್ತರ ಕೊಟ್ಟರು. ಬೈದವರಿಗೆ ತಂಜಾವೂರಿನ ವೇದನಾಯಕ ಶಾಸ್ತ್ರಿಗಳ ಹೆಸರು ಗೊತ್ತಿದ್ದಂತಿಲ್ಲ. 1774ರಲ್ಲಿ ಹುಟ್ಟಿದ ಈ ಕ್ರೈಸ್ತ ಕವಿ ತಂಜಾವೂರಿನ ಅರಸ ಸರಫೋಜಿಯ ಕಾಲದಲ್ಲೇ ರಾಗ-ತಾಳಬದ್ಧ ಕೀರ್ತನೆ ಕಟ್ಟಿದವರು. ಇತ್ತ ಯೇಸುದಾಸರು ಹುಟ್ಟುಹಬ್ಬಕ್ಕೆ ಕೊಲ್ಲೂರಿನ ಮೂಕಾಂಬಿಕೆಯ ಮುಂದೆ ಹಾಡುವುದು ವರ್ಷಗಟ್ಟಲೆ ವಾಡಿಕೆಯೇ ಆಗಿತ್ತು. ಕ್ರೈಸ್ತ ಕಂಠ ದೇವಿಯನ್ನು ಹಾಡಿದರೆ ಸೌಹಾರ್ದ, ಅದೇ ರಾಗ ಯೇಸುವನ್ನು ಹಾಡಿದರೆ ಕಳವು. ಹಳ್ಳಿಯ ಪ್ರಾರ್ಥನಾ ಸಭೆಯಲ್ಲಿ ಡೋಲಕ್-ಪೇಟಿ ಇಟ್ಟುಕೊಂಡು ಹಾಡಿದರೆ ‘ಭಜನೆಯ ವೇಷ’ ಎನ್ನುವವರೇ, ಕೀಬೋರ್ಡು-ಡ್ರಮ್ಮು ಇಟ್ಟರೆ ‘ವಿದೇಶಿ ಗದ್ದಲ’ ಎನ್ನುತ್ತಾರೆ.

ಇಗರ್ಜಿಯ ಒಳಗೂ ಎಲ್ಲ ನೆಟ್ಟಗಿಲ್ಲ. ಕಥೋಲಿಕ ಧರ್ಮಾಧ್ಯಕ್ಷರ ಮಹಾಸಭೆಯಾದ ಎರಡನೆಯ ವ್ಯಾಟಿಕನ್ ಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ಆರಾಧನಾ ಸಂವಿಧಾನ ಪೈಪ್ ಆರ್ಗನ್‌ಗೆ ಹಿರಿತನ ಕೊಟ್ಟರೂ ಸ್ಥಳೀಯ ಸಂಗೀತ ಪರಂಪರೆಗೆ ತಕ್ಕ ಜಾಗ ಕೊಡಿ, ಪೂಜೆಗೆ ಒಪ್ಪುವ ಬೇರೆ ವಾದ್ಯಗಳಿಗೂ ಅನುಮತಿ ಕೊಡಬಹುದು ಎಂದಿತು. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಬೈಬಲ್-ಆರಾಧನಾ ಕೇಂದ್ರ ಆರತಿ, ಅಂಜಲಿ, ಭಜನೆಗಳನ್ನು ಬಲಿಪೂಜೆಗೆ ತಂದಾಗ, ಇದು ಹಿಂದೂಕರಣ ಎಂದು ಎದ್ದುನಿಂತವರು ಕಥೋಲಿಕರೇ. ಬೀದರ್ ಕಡೆಯ ಮೆಥೋಡಿಸ್ಟ್ ಸಭೆಗಳಿಗೆ ಈ ಗೊಂದಲ ಅಷ್ಟಾಗಿ ಇಲ್ಲ. ಅಲ್ಲಿಯ ಹಾಡಿನ ಧಾಟಿ ಮೊದಲಿಂದಲೂ ಭಜನೆಯದ್ದೇ.

ಮತ್ತೆ ಪೆಟ್ಟಿಗೆಗೆ ಬರೋಣ. ಗಾಯನವೃಂದಕ್ಕೆ ಇದನ್ನು ಕೊಳ್ಳುವವರು ಮೊದಲು ಕೈ ಎಣಿಸಬೇಕು. ನಾಲ್ಕು ಕಂಠಗಳ ಸ್ತುತಿಗೀತೆಗೆ ಎರಡು ಕೈ ಬೇಕು: ಎಡಗೈಗೆ ಬಾಸ್ ಮತ್ತು ಟೆನರ್ (ಗಂಡಸರ ತಗ್ಗಿನ, ಎತ್ತರದ ಕಂಠ), ಬಲಗೈಗೆ ಆಲ್ಟೊ ಮತ್ತು ಸೊಪ್ರಾನೊ (ಹೆಂಗಸರ ತಗ್ಗಿನ, ಎತ್ತರದ ಕಂಠ). ಇಲ್ಲಿ ಎಡಗೈ ತಿದಿಯಲ್ಲಿದೆ. ಉಳಿದ ಒಂದು ಕೈಗೆ ಎಟಕುವುದು ಒಂದು ಸಪ್ತಕ. ಆಗ ಮಾಡಬೇಕಾದದ್ದು, ರಾಗದ ಎಳೆಯನ್ನು ಕಿರುಬೆರಳಲ್ಲಿ ಮೇಲಿಟ್ಟು, ಅದರ ಕೆಳಗೆ ಕಾರ್ಡಿನ ಉಳಿದ ಎರಡು ಸ್ವರಗಳನ್ನು ಒತ್ತೊತ್ತಾಗಿ ಹಿಡಿಯುವುದು. ಬಾಸ್ ಅನ್ನು ಹಾಡುವವರಿಗೇ ಬಿಡಬೇಕು. ಬಾಸ್ ಕಂಠ ಇಲ್ಲದ ವೃಂದಕ್ಕೆ ಈ ಪೆಟ್ಟಿಗೆ ಬುಡವಿಲ್ಲದ ಮನೆಯಂತೆ.

ಆ ಕೊರತೆ ತುಂಬಲು ಕಪ್ಲರ್ ಹಾಕುವುದು ಎಲ್ಲರೂ ಮಾಡುವ ತಪ್ಪು. ಕಪ್ಲರ್ ಒತ್ತಿದ ಪ್ರತಿ ಸ್ವರಕ್ಕೂ ಒಂದು ಸಪ್ತಕದಾಚೆಯ ಜೋಡಿಯನ್ನು ಎಬ್ಬಿಸುತ್ತದೆ. ಸೊಪ್ರಾನೊ ಎಳೆ ಸಪ್ತಕ ಕೆಳಗಿಳಿದು ಟೆನರ್‌ನವರ ಜಾಗದಲ್ಲಿ ಕೂತರೆ ಅವರು ತಮ್ಮ ಸ್ವರ ಬಿಟ್ಟು ಅದನ್ನೇ ಹಾಡತೊಡಗುತ್ತಾರೆ. ಎರಡು ವಾರದಲ್ಲಿ ನಾಲ್ಕು ಕಂಠ ಎರಡಾಗುತ್ತದೆ. ಗಾಳಿಯೂ ಬೇಗ ಮುಗಿಯುತ್ತದೆ. ಒಂದೇ ಎಳೆಯ ಭಜನೆಗೆ, ಜನ ತುಂಬಿದ ಪಡಸಾಲೆಗೆ ಕಪ್ಲರ್ ಚಿನ್ನ. ನಾಲ್ಕು ಕಂಠಕ್ಕೆ ಅದನ್ನು ಮುಚ್ಚಿಡಿ.

ಸ್ವರಲಿಪಿಯಲ್ಲೂ ಒಂದು ಎಡವಟ್ಟು ಕಾದಿರುತ್ತದೆ. ಇಂಗ್ಲೆಂಡಿನ ಜಾನ್ ಕರ್ವೆನ್ ಹರಡಿದ ಟಾನಿಕ್ ಸೊಲ್ಫಾ ಎಂಬ ಅಕ್ಷರಗಳ ಸ್ವರಲಿಪಿ ಹಳೆಯ ಹಾಡಿನ ಪುಸ್ತಕಗಳಲ್ಲಿ ಈಗಲೂ ಸಿಗುತ್ತದೆ. ಅದರ ‘ಡೊ’ ನಮ್ಮ ಷಡ್ಜದಂತೆ ಎಲ್ಲಿ ಬೇಕಾದರೂ ಕೂರುತ್ತದೆ, ಹಾಗಾಗಿ ಸರಿಗಮಕ್ಕೆ ಇಳಿಸುವುದು ಸಲೀಸು. ಆದರೆ ‘ಮಿ’ ಅಂದರೆ ಗಾಂಧಾರ, ಮಧ್ಯಮವಲ್ಲ. ‘ಸೊ’ ಅಂದರೆ ಪಂಚಮ, ಷಡ್ಜವಲ್ಲ. ಮೊದಲಕ್ಷರ ನೋಡಿ ಬರೆದುಕೊಂಡವರ ಹಾಳೆಯಲ್ಲಿ ಹಾಡು ಗುರುತೇ ಸಿಗದಂತಾಗಿರುತ್ತದೆ.

ಇನ್ನು ಮಾತ್ರೆ. ಐರೋಪ್ಯ ಸ್ತುತಿಗೀತೆಗಳಲ್ಲಿ ಸಾಲು ದುರ್ಬಲ ಪೆಟ್ಟಿನಿಂದ ಶುರುವಾಗಿ ಎರಡನೆಯ ಅಕ್ಷರದ ಮೇಲೆ ಘಾತ ಬೀಳುವುದು ಹೆಚ್ಚು. ಕನ್ನಡದ ‘ದೇವರು’ ತೆಗೆದುಕೊಳ್ಳಿ: ದೇ ಎರಡು ಮಾತ್ರೆ, ವ ಒಂದು, ರು ಒಂದು. ಅಂಥ ಮಟ್ಟಿಗೆ ಇದನ್ನು ಕೂರಿಸಿದರೆ ‘ದೇ’ ದುರ್ಬಲ ಪೆಟ್ಟಿಗೆ ಸಿಕ್ಕಿ ಕುಗ್ಗುತ್ತದೆ, ‘ವ’ ಮೇಲೆ ಘಾತ ಬಿದ್ದು ಹಿಗ್ಗುತ್ತದೆ, ಹಾಡುವುದು ‘ದೆವಾರು’. ಬಾಸೆಲ್ ಮಿಷನ್ ಮಂಗಳೂರಿಗೆ ಬಂದ 1834ರಿಂದಲೂ ಅನುವಾದಕರನ್ನು ಕಾಡಿದ ಗಂಟು ಇದು. ನಿಘಂಟಿನ ಕಿಟೆಲ್ 1862ರಲ್ಲಿ ಕ್ರಿಸ್ತನ ಕಥೆಯನ್ನು ಹೇಳಲು ದೇಸಿ ಛಂದಸ್ಸನ್ನೇ ಹಿಡಿದು ಕಥಾಮಾಲೆ ಬರೆದದ್ದು ಸುಮ್ಮನೆ ಅಲ್ಲ. ನುಡಿಸುವವರು ಇಲ್ಲಿ ಮಾಡಬಹುದಾದದ್ದು ಇಷ್ಟೆ: ಮೊದಲ ಅಕ್ಷರವನ್ನು ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಎಳೆದುಕೊಂಡು, ದುರ್ಬಲ ಪೆಟ್ಟನ್ನು ಹಿಂದಿನ ಸಾಲಿನ ಬಾಲಕ್ಕೆ ಬಿಡುವುದು. ತಿದಿಯನ್ನು ತಾಳಕ್ಕೆ ಒತ್ತಬೇಡಿ, ಸಾಲಿಗೆ ಒತ್ತಿ. ಪ್ರತಿ ಪೆಟ್ಟಿಗೂ ತಿದಿ ಒತ್ತುವವರ ಹಾಡು ಏದುಸಿರು ಬಿಟ್ಟಂತೆ ಕೇಳುತ್ತದೆ.

ಭಜನೆಯ ಧಾಟಿಗೆ ಕಾರ್ಡು ಸೇರಿಸುವವರು ರಾಗದಲ್ಲಿ ಯಾವ ಸ್ವರಗಳಿವೆ ಎಂದು ನೋಡಿಯೇ ಬೆರಳಿಡಬೇಕು. ಮೋಹನದಲ್ಲಿ (ಸ ರಿ ಗ ಪ ಧ) ಪೂರ್ತಿ ಸಿಗುವ ಮೂರು ಸ್ವರದ ಕಾರ್ಡು ಎರಡೇ: ಸ-ಗ-ಪ ಮತ್ತು ಧ-ಸ-ಗ. ಪಂಚಮದ ಮೇಲೆ ಕಾರ್ಡು ಕಟ್ಟಲು ನಿಷಾದ ಬೇಕು, ಅದು ರಾಗದಲ್ಲಿಲ್ಲ. ಅಲ್ಲಿ ಪ-ರಿ ಎರಡನ್ನೇ ಹಿಡಿದು ಸುಮ್ಮನಿರಿ. ಹಿಂದೋಳಕ್ಕೆ ಪಂಚಮವೇ ಇಲ್ಲ. ಆದರೂ ಎಷ್ಟೋ ಕಡೆ ಪಂಚಮವನ್ನು ಎಡೆಬಿಡದೆ ನುಡಿಸುವ ಡ್ರೋನ್ ಗುಂಡಿ ಎಳೆದೇ ಇರುತ್ತದೆ, ಅದನ್ನು ತಳ್ಳಿ ಸ-ಮ ಹಿಡಿಯಿರಿ. ಅಲ್ಲಿ ದಕ್ಕುವುದು ಮ-ಧ-ಸ ಮತ್ತು ಧ-ಸ-ಗ.

ಮಾಯಾಮಾಳವಗೌಳದಲ್ಲಿ ಗಿಟಾರ್-ಕೀಬೋರ್ಡಿನವರು ತಪ್ಪದೆ ಎಡವುತ್ತಾರೆ. ಅಭ್ಯಾಸಬಲದಿಂದ ಪ-ನಿ-ರಿ ಕಾರ್ಡು ಹಿಡಿದಾಗ ಕೈ ತಾನಾಗಿ ಚತುಶ್ರುತಿ ರಿಷಭಕ್ಕೆ ಹೋಗುತ್ತದೆ, ರಾಗ ಅಲ್ಲೇ ಸತ್ತಿತು. ಶುದ್ಧ ರಿಷಭ ಇಟ್ಟರೆ ಕಾರ್ಡು ಮುರುಟುತ್ತದೆ. ದಾರಿ ಬೇರೆಯಿದೆ: ರಿ-ಮ-ಧ ಹಿಡಿದು ಸ-ಗ-ಪಕ್ಕೆ ಇಳಿಯಿರಿ. ಅರ್ಧಸ್ವರ ಮೇಲಿನ ಮೇಜರ್ ಕಾರ್ಡಿನಿಂದ ಮನೆಗೆ ಬಂದಂತೆ. ಕಾರ್ಡಿನ ಎಲ್ಲ ಸ್ವರವೂ ರಾಗದ್ದೇ, ಮುಕ್ತಾಯದ ಬಿಗಿಯೂ ಸಿಗುತ್ತದೆ.

ಕಥೋಲಿಕ ಆರಾಧನೆಯ ಹಳೆಯ ಗ್ರೆಗೋರಿಯನ್ ಹಾಡುಗಳನ್ನು ಕನ್ನಡದಲ್ಲಿ ಹಾಡುವವರಿಗೆ ಕಾರ್ಡಿನ ಗೊಡವೆಯೇ ಬೇಡ, ಅದು ಒಂದೇ ಎಳೆಯ ಸಂಗೀತ. ಅದರ ಸ್ವರಶ್ರೇಣಿಗಳಲ್ಲಿ ಡೋರಿಯನ್ ಎಂದರೆ ಖರಹರಪ್ರಿಯದ ಸ್ವರಗಳು, ಮಿಕ್ಸೊಲಿಡಿಯನ್ ಎಂದರೆ ಹರಿಕಾಂಭೋಜಿಯವು, ಫ್ರಿಜಿಯನ್ ಎಂದರೆ ಹನುಮತೋಡಿಯವು. ಸ್ವರಗಳು ಒಂದೇ ಎಂದು ರಾಗವೂ ಅದೇ ಎನ್ನಬೇಡಿ, ತೋಡಿಯ ಗಾಂಧಾರದ ಕಂಪಿತ (ಓಲಾಟ) ಲ್ಯಾಟಿನ್ ಹಾಡಿನಲ್ಲಿಲ್ಲ. ಒಂದು ಸಾಲಿನ ರೀಡು ಮಾತ್ರ ತೆರೆದು, ಷಡ್ಜ ಹಿಡಿದರೆ ಸಾಕು. ಗಾಸ್ಪೆಲ್ ಮಾದರಿಯ ಹಾಡಿಗೆ ಮಾತ್ರ ಸ್ಕೇಲ್ ಚೇಂಜರ್ ನಿಜವಾಗಿ ಮಿಂಚುತ್ತದೆ. ಕೊನೆಯ ಚರಣಕ್ಕೆ ಇಡೀ ಹಾಡು ಅರ್ಧಸ್ವರ ಮೇಲೇರುವ ಚಾಳಿ ಅದರದು. ಕೀಬೋರ್ಡಿನಲ್ಲಿ ಬೆರಳು ಬದಲಿಸಿ ಒದ್ದಾಡಬೇಕಾದದ್ದು ಇಲ್ಲಿ ಒಂದು ತಳ್ಳಿನ ಕೆಲಸ. ಚಪ್ಪಾಳೆಯ ಎರಡು ಪೆಟ್ಟಿನ ಸಂದಿನಲ್ಲಿ ಎಲ್ಲ ಬೆರಳು ಎತ್ತಿ, ಪಟ್ಟಿ ಒಂದು ಕಚ್ಚು ಬಲಕ್ಕೆ ಜಾರಿಸಿ, ಅದೇ ಬೆರಳಲ್ಲಿ ಮುಂದುವರಿಸಿ.

ಹಾಗಾದರೆ ಯಾರು ಯಾವುದನ್ನು ಕೊಳ್ಳಬೇಕು? ಭಜನಾ ಮಂಡಳಿ, ಪ್ರಾರ್ಥನಾ ಸಭೆ, ಒಂದೇ ಎಳೆಯಲ್ಲಿ ಹಾಡುವ ಇಗರ್ಜಿ, ದಿನಕ್ಕೊಬ್ಬ ಹಾಡುಗಾರ ಬರುವ ಕಡೆ: ಈ ಸ್ಕೇಲ್ ಚೇಂಜರ್ ಕಣ್ಣುಮುಚ್ಚಿ ತೆಗೆದುಕೊಳ್ಳಿ, ಸಮಪಾಲಿನ ಶ್ರುತಿಯಲ್ಲೇ ಇರಲಿ. ಎರಡು ಸಾಲು ರೀಡು ಸಾಕು, ಮೂರನೆಯದು ಭಾರಕ್ಕೆ ಭಾರ. ನಾಲ್ಕು ಕಂಠದ ಗಾಯನವೃಂದಕ್ಕೆ ಇದು ಬೇಡವೇ ಬೇಡ. ಅದೇ ದುಡ್ಡಿನಲ್ಲಿ 61 ಮನೆಯ ಕೀಬೋರ್ಡು, ಅಥವಾ ಗುಜರಿಯಲ್ಲಿ ಸಿಕ್ಕರೆ ರಿಪೇರಿಗೆ ಬರುವ ಕಾಲುಪೇಟಿ. ಒಬ್ಬರೇ ಗಾಯಕರಿಗೆ ಸಾಥ್ ಕೊಡುವವರು ಸಾದಾ 42 ಮನೆಯ ಪೆಟ್ಟಿಗೆ ಕೊಂಡು, ಅವರ ಷಡ್ಜಕ್ಕೆ ಗಾಂಧಾರ, ಧೈವತ, ನಿಷಾದಗಳನ್ನು ಶುದ್ಧ ಮಾಡಿಸಿ. ಸ್ಕೇಲ್ ಚೇಂಜರ್‌ಗೆ ಉಳಿಸಿದ ದುಡ್ಡಿನಲ್ಲಿ ಶ್ರುತಿ ಮಾಡಿಸಿದ ಕೂಲಿ ಕೊಟ್ಟೂ ಮಿಗುತ್ತದೆ.

ಕೊಂಡ ಮೇಲಿನ ಕಾಟಗಳಲ್ಲಿ ಹೆಚ್ಚಿನವು ಮಳೆಗಾಲದವು. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಮರ ಉಬ್ಬಿ ಮನೆಗಳು ಒತ್ತಿದಲ್ಲೇ ಕೂರುತ್ತವೆ. ಎಣ್ಣೆ ಹಾಕುವವರಿದ್ದಾರೆ, ಖಂಡಿತ ಬೇಡ, ಧೂಳು ಹಿಡಿದು ಇನ್ನಷ್ಟು ಅಂಟುತ್ತದೆ. ಮೇಲಿನ ಪಟ್ಟಿಯ ಸ್ಕ್ರೂ ಬಿಚ್ಚಿ, ಉಜ್ಜುವ ಬದಿಯನ್ನು ನಯವಾದ ಉಪ್ಪುಕಾಗದದಲ್ಲಿ ಒಂದೆರಡು ಸಲ ಸವರಿ. ಒಂದು ಸ್ವರ ಇದ್ದಕ್ಕಿದ್ದಂತೆ ಮೂಕವಾದರೆ ರೀಡಿನ ಸೀಳಿನಲ್ಲಿ ಕಸ ಸಿಕ್ಕಿದೆ ಎಂದುಕೊಳ್ಳಿ. ತೆಳು ಕಾಗದವನ್ನು ರೀಡಿನ ಅಡಿಗೆ ತೂರಿಸಿ ಮೆಲ್ಲಗೆ ಎಳೆದರೆ ಬರುತ್ತದೆ. ಸೂಜಿ, ಬ್ಲೇಡು ಹಾಕಿದರೆ ರೀಡು ಗೀರಿ ಶ್ರುತಿಯೇ ಹೋಗುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ತಿದಿಯ ಬಟ್ಟೆ-ಚಕ್ಕಳಕ್ಕೆ ಇಲಿ ಬೀಳುವ ಊರಾದರೆ ಪೆಟ್ಟಿಗೆಯನ್ನು ನೆಲದ ಮೇಲಿಡದೆ ಮೇಜಿನ ಮೇಲೇರಿಸಿ, ತಿದಿಗೆ ಕೊಂಡಿ ಹಾಕಿ, ಎಲ್ಲ ಸ್ಟಾಪರ್ ಒಳಗೆ ತಳ್ಳಿ, ಪಟ್ಟಿಯನ್ನು ನಡುವಿನ ಕಚ್ಚಿನಲ್ಲಿ ಕೂರಿಸಿಯೇ ಮುಚ್ಚಿ.